ಕೆಂಡದ ಮುಚ್ಚಳದಿಂದ ವಿದ್ಯುತ್ ಗೂಡಿನವರೆಗೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳಂಥ ಊರುಗಳಲ್ಲಿ ಈಚೆಗೆ ಅನೇಕ ಮನೆಗಳ ಅಡುಗೆಕೋಣೆಯನ್ನು ವಿದ್ಯುತ್ ಓವನ್ ಪ್ರವೇಶಿಸಿದೆ. ತಂದ ಹೊಸದರಲ್ಲಿ ಮನೆಮಂದಿಗೆಲ್ಲ ಉತ್ಸಾಹ. ಒಂದೆರಡು ಭಾನುವಾರ ಕೇಕು, ಬಿಸ್ಕತ್ತು, ಬ್ರೆಡ್ಡುಗಳ ಪ್ರಯೋಗ ನಡೆಯುತ್ತದೆ. ಕೇಕು ಮೇಲೆ ಕರಿದಾಗಿ ನಡುವೆ ಹಸಿಯಾಗಿರುತ್ತದೆ; ಉಬ್ಬಿದ್ದು ಹೊರಗೆ ತೆಗೆದೊಡನೆ ಕುಸಿಯುತ್ತದೆ; ಬಿಸ್ಕತ್ತಿನ ಒಂದು ಸಾಲು ಹೊತ್ತಿ ಇನ್ನೊಂದು ಸಾಲು ಬಿಳಿಚಿಕೊಂಡಿರುತ್ತದೆ. ಮೂರನೆಯ ತಿಂಗಳಿಗೆ ಓವನ್ನಿನ ಮೇಲೊಂದು ಕಸೂತಿ ಬಟ್ಟೆ, ಬಟ್ಟೆಯ ಮೇಲೊಂದು ಹೂದಾನಿ. ಯಂತ್ರದ ದೋಷವೆಂದು ಕೆಲವರು, ಹಿಟ್ಟಿನ ದೋಷವೆಂದು ಕೆಲವರು. ಇದು ನಮ್ಮ ಕೈಗೆ ಹತ್ತುವ ವಿದ್ಯೆಯಲ್ಲ, ಪರದೇಶದವರದು ಎಂದು ಕೈಚೆಲ್ಲುವವರೇ ಬಹುಮಂದಿ.

ಈ ಕೊನೆಯ ಮಾತನ್ನು ಸ್ವಲ್ಪ ನಿಂತು ವಿಚಾರಿಸಬೇಕು. ಮುಚ್ಚಿದ ಕಾವಿನಲ್ಲಿ ಹಿಟ್ಟನ್ನು ಪಕ್ವಗೊಳಿಸುವ ವಿದ್ಯೆ ಕನ್ನಡನಾಡಿಗೆ ಹೊಸದೇನೂ ಅಲ್ಲ. ಅದು ಐದುನೂರು ವರ್ಷಗಳ ಹಿಂದೆಯೇ ನಮ್ಮ ಗ್ರಂಥಸ್ಥ ವಿದ್ಯೆಯಾಗಿತ್ತು. ನಮ್ಮ ಅಜ್ಜಿಯರ ಕಾಲದವರೆಗೂ ಹಸ್ತಗತ ವಿದ್ಯೆಯಾಗಿತ್ತು. ಆದರೆ ಯಾವ ಪದಾರ್ಥಕ್ಕೆ ಯಾವುದನ್ನು ಎಷ್ಟು ಬೆರೆಸಬೇಕೆಂಬುದನ್ನು ಬರೆದಿಟ್ಟ ನಮ್ಮವರು ಎಷ್ಟು ಕಾವು ಬೇಕೆಂಬುದನ್ನು ಬರೆದಿಡಲಿಲ್ಲ. ಅದು ಕೈಯಿಂದ ಕೈಗೆ, ಕಣ್ಣಿಂದ ಕಣ್ಣಿಗೆ ಸಾಗಿ ಬಂತು. ಒಲೆ ಬದಲಾದ ಒಂದೇ ತಲೆಮಾರಿನಲ್ಲಿ ಆ ಸರಪಣಿ ಕಡಿದುಹೋಯಿತು. ಮನೆಯ ಓವನ್ನಿನಲ್ಲಿ ಕೇಕು ಕೆಡುವುದರ ಹಿಂದೆ ಈ ಕಡಿದ ಸರಪಣಿಯ ಚರಿತ್ರೆಯಿದೆ ಎಂಬುದು ಈ ಲೇಖನದ ಅಭಿಪ್ರಾಯ.

ಮೊದಲು ಮಾತುಗಳನ್ನೇ ನೋಡೋಣ. ಬೇಯಿಸು, ಕುದಿಸು, ಹುರಿ, ಕರಿ, ಬಾಡಿಸು, ಸುಡು, ಕಾಯಿಸು ಎಂದು ಪಾಕಕ್ರಿಯೆಗೆ ಕನ್ನಡದಲ್ಲಿ ಧಾತುಗಳಿಗೆ ಬರವಿಲ್ಲ. 'ಬೇಕ್ ಮಾಡು' ಎಂಬುದಕ್ಕೆ ಮಾತ್ರ ನೇರವಾದ ಒಂದು ಕ್ರಿಯಾಪದವಿಲ್ಲ. ಆದರೆ ಅದರ ತತ್ತ್ವಕ್ಕೆ ಬೇಕಾದ ನಾಮಪದ ನಮ್ಮಲ್ಲಿ ಸೊಗಸಾಗಿದೆ, ಅದು 'ಕಾವು'. ಉರಿ ಬೇರೆ, ಕಾವು ಬೇರೆ. ಉರಿ ಕಣ್ಣಿಗೆ ಕಾಣುತ್ತದೆ, ನಾಲಿಗೆ ಚಾಚುತ್ತದೆ, ಒಂದು ಕಡೆಯಿಂದ ಸುಡುತ್ತದೆ. ಕಾವು ಕಾಣುವುದಿಲ್ಲ, ಸುತ್ತಲಿಂದ ಸಮವಾಗಿ ಹಬ್ಬುತ್ತದೆ. ಕೋಳಿ ಮೊಟ್ಟೆಗೆ ಕೊಡುವುದು ಕಾವು. ಹಣ್ಣಿಗೆ ಹುಲ್ಲಿನೊಳಗೆ ಸಿಕ್ಕುವುದು ಕಾವು. ರೊಟ್ಟಿಯ ಕಾವಲಿಯೂ ಇದೇ 'ಕಾಯ್' ಧಾತುವಿನಿಂದ ಹುಟ್ಟಿದ ಮಾತು. ಇನ್ನು ಕಾವನ್ನು ಹಿಡಿದಿಡುವ ಮುಚ್ಚಿದ ಜಾಗಕ್ಕೆ ನಮ್ಮ ಜನ ಇಟ್ಟ ಹೆಸರು 'ಗೂಡು'. ಇಟ್ಟಿಗೆ ಗೂಡು, ಸುಣ್ಣದ ಗೂಡು ಎಂಬ ಮಾತುಗಳನ್ನು ಹೊಸಕೋಟೆ, ನೆಲಮಂಗಲದ ಕಡೆಯ ಮಕ್ಕಳೂ ಬಲ್ಲರು. ಕುಂಬಾರನು ಮಡಕೆಯನ್ನು ಸುಡುವ ಗೂಡಿಗೆ 'ಆವಿಗೆ' ಎಂಬ ಹಳೆಯ ಹೆಸರೂ ಉಂಟು. ಓವನ್ನನ್ನು ಕನ್ನಡದಲ್ಲಿ 'ಕಾವುಗೂಡು' ಎಂದರೆ ಹಳ್ಳಿಯವರಿಗೆ ವಿವರಣೆ ಬೇಕಾಗಲಾರದು.

ಸಂಸ್ಕೃತದ ಅಮರಕೋಶದಲ್ಲಿ ಭಕ್ಷ್ಯಗಳನ್ನು ಮಾಡುವವನಿಗೆ 'ಆಪೂಪಿಕ', 'ಕಾಂದವಿಕ' ಎಂಬ ಹೆಸರುಗಳಿವೆ. ಮೊದಲನೆಯದು ಅಪೂಪವೆಂಬ ತಿನಿಸಿನಿಂದ ಬಂದದ್ದು. ಎರಡನೆಯದು 'ಕಂದು' ಎಂಬ ಬಿಸಿ ಪಾತ್ರೆಯಿಂದ ಬಂದದ್ದು. ಬೇಕರಿಯವರು ಇಂದು ಬಳಸುವ 'ಭಟ್ಟಿ' ಎಂಬ ಮಾತಾದರೂ ಸಂಸ್ಕೃತದ 'ಭ್ರಾಷ್ಟ್ರ' ಶಬ್ದವು ಉತ್ತರದ ಭಾಷೆಗಳಲ್ಲಿ ಸವೆದು ಮರಳಿ ನಮ್ಮಲ್ಲಿಗೆ ಬಂದ ರೂಪ.

ಗ್ರಂಥಗಳ ಸಾಕ್ಷ್ಯವೂ ಸಾಕಷ್ಟಿದೆ. ಇಮ್ಮಡಿ ಚಾವುಂಡರಾಯನು ಸುಮಾರು ೧೦೨೫ರಲ್ಲಿ ರಚಿಸಿದ 'ಲೋಕೋಪಕಾರ'ದಲ್ಲಿ ಪಾಕಶಾಸ್ತ್ರಕ್ಕೆ ಒಂದು ಭಾಗ ಮೀಸಲಾಗಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವು ೧೧೨೯ರ ಸುಮಾರಿನದು. ಅದರ ಅನ್ನಭೋಗದ ಪ್ರಕರಣದಲ್ಲಿ ಗೋಧಿಯ ಮಂಡಕಗಳ ಜೊತೆಗೆ ಕೆಂಡದ ಮೇಲೆ ಬೇಯಿಸುವ 'ಅಂಗಾರಪೋಲಿಕೆ'ಯ ಮಾತೂ ಬರುತ್ತದೆ. ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಹತ್ತಿರದ ಗ್ರಂಥ ಕಲ್ಲಹಳ್ಳಿಯ ಮೂರನೆಯ ಮಂಗರಸನ 'ಸೂಪಶಾಸ್ತ್ರ'. ಸುಮಾರು ೧೫೦೮ರಲ್ಲಿ ವಾರ್ಧಕ ಷಟ್ಪದಿಯಲ್ಲಿ ರಚಿತವಾದ ಈ ಕೃತಿಯಲ್ಲಿ ಗೋಧಿ ಹಿಟ್ಟಿನ ರೊಟ್ಟಿಗಳ ಒಂದು ದೊಡ್ಡ ಪಂಕ್ತಿಯೇ ಇದೆ. ಆ ಪಂಕ್ತಿಯಲ್ಲಿ 'ಮುಚ್ಚಳ ರೊಟ್ಟಿ' ಎಂಬುದೊಂದು. ಹೆಸರೇ ಹೇಳುವಂತೆ ಇದು ಮುಚ್ಚಿ ಬೇಯಿಸುವ ರೊಟ್ಟಿ. ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ. ಇಂದಿನ ವಿದ್ಯುತ್ ಓವನ್ನಿನ ಬಾಗಿಲು ತೆರೆದು ನೋಡಿ: ಕೆಳಗೊಂದು ಕಾಯುವ ಸರಳು, ಮೇಲೊಂದು ಕಾಯುವ ಸರಳು, ನಡುವೆ ಪದಾರ್ಥ. ಮಂಗರಸನ ಮುಚ್ಚಳ ರೊಟ್ಟಿಯ ತತ್ತ್ವಕ್ಕೂ ಇದಕ್ಕೂ ಏನು ಭೇದ?

ಈ ಮೇಲುಗೆಂಡದ ಪಾಕ ಗ್ರಂಥದಲ್ಲಿ ಮಾತ್ರ ಉಳಿದದ್ದಲ್ಲ. ಉತ್ತರ ಕನ್ನಡದ ಕೊಂಕಣಿ ಮನೆಗಳಲ್ಲಿ ಸೌತೆಕಾಯಿಯಿಂದ ಮಾಡುವ 'ತೌಸಳಿ'ಯನ್ನು ಹಿಂದೆ ಹೀಗೆಯೇ ಕೆಳಗೆ ಮೇಲೆ ಕೆಂಡವಿಟ್ಟು ಬೇಯಿಸುತ್ತಿದ್ದರು. ಮುಸಲ್ಮಾನರ ಅಡುಗೆಯ 'ದಮ್' ಎಂಬ ಕ್ರಮವೂ ಇದೇ ಜಾತಿಯದು. ಹಂಡೆಯ ಬಾಯಿಗೆ ಕಣಕ ಮೆತ್ತಿ ಮುಚ್ಚಿ, ಮೇಲೆ ಕೆಂಡ ಹರಡುತ್ತಾರೆ. ಹೊಸಕೋಟೆಯ ದಮ್ ಬಿರಿಯಾನಿಗಾಗಿ ಬೆಳಗಿನ ಜಾವದಲ್ಲೇ ಬೆಂಗಳೂರಿನಿಂದ ಜನ ಬಂದು ಸಾಲುಗಟ್ಟಿ ನಿಲ್ಲುವುದು ಈಗ ಪ್ರಸಿದ್ಧವಾದ ಸಂಗತಿ. ಒಂದೇ ತತ್ತ್ವ ಹಲವು ಜನರ ಮನೆಗಳಲ್ಲಿ ಹಲವು ಹೆಸರುಗಳಿಂದ ಬಾಳಿತು.

ಇನ್ನು ನಮ್ಮ ಸೀಮೆಯ ಒಲೆಗೆ ಬರೋಣ. ೧೮೦೦ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಮೈಸೂರು ಸೀಮೆಯನ್ನು ಸುತ್ತಿ, ದೊಡ್ಡಬಳ್ಳಾಪುರವನ್ನೂ ಕಂಡು, ಊರೂರಿನ ಬೆಳೆಗಳನ್ನು ಬರೆದುಕೊಂಡನು. ಈ ಭಾಗದಲ್ಲಿ ಅವನು ಕಂಡ ಮುಖ್ಯ ಧಾನ್ಯ ರಾಗಿ. ರಾಗಿಯ ನಾಡಿನಲ್ಲಿ ಉಬ್ಬುವ ರೊಟ್ಟಿ ಹುಟ್ಟದಿರಲು ಕಾರಣವಿದೆ. ಗೋಧಿ ಹಿಟ್ಟಿಗೆ ನೀರು ಹಾಕಿ ನಾದಿದರೆ ಗ್ಲುಟನ್ ಎಂಬ ಅಂಟು ಬಲೆಯಂತೆ ಹೆಣೆದುಕೊಳ್ಳುತ್ತದೆ. ಹುಳಿಯುವಾಗ ಹುಟ್ಟುವ ಗಾಳಿ ಆ ಬಲೆಯಲ್ಲಿ ಸಿಕ್ಕಿ, ಕಾವಿಗೆ ಹಿಗ್ಗಿ, ರೊಟ್ಟಿಯನ್ನು ಎತ್ತುತ್ತದೆ. ರಾಗಿಯಲ್ಲಿ ಈ ಅಂಟು ಇಲ್ಲ. ಅದಕ್ಕೇ ರಾಗಿಯನ್ನು ಮುದ್ದೆಯಾಗಿ ತಿರುವಿದರು, ರೊಟ್ಟಿಯಾಗಿ ತಟ್ಟಿದರು, ಅಂಬಲಿಯಾಗಿ ಕುಡಿದರು. ಬೆಳೆದ ಧಾನ್ಯವೇ ಪಾಕದ ಕ್ರಮವನ್ನು ನಿರ್ಣಯಿಸಿತು.

ಹಾಗೆಂದು ಕಾವಿನ ಅರಿವು ಇಲ್ಲದಿರಲಿಲ್ಲ. ಹಳೆಯ ಮಣ್ಣಿನ ಒಲೆಯನ್ನು ನೆನೆಯಿರಿ. ಮುಂದಿನ ಬಾಯಲ್ಲಿ ಉರಿ. ಹಿಂದಿನ ಕೋಡೊಲೆಗೆ ನೇರ ಉರಿ ತಾಗದು, ಬಿಸಿಗಾಳಿ ಮಾತ್ರ ಹಾಯುತ್ತದೆ. ಮುದ್ದೆಯ ಎಸರು ಮುಂದೆ, ಹಾಲು ಕೆನೆಗಟ್ಟುವುದು ಹಿಂದೆ. ಅಡುಗೆ ಮುಗಿದ ಮೇಲೆ ಬೂದಿ ಮುಚ್ಚಿದ ಕೆಂಡದೊಳಗೆ ಗೆಣಸು, ಬದನೆಕಾಯಿ ಹೂಳುತ್ತಿದ್ದರು. ಗೆಣಸು ಸಿಪ್ಪೆ ಸುಕ್ಕಾಗಿ ಒಳಗೆ ಬೆಣ್ಣೆಯಂತಾಗುವುದು ಕೆಂಡಕ್ಕಿಂತ ಹೆಚ್ಚಾಗಿ ಬೂದಿಯ ಗುಣದಿಂದ. ಬೂದಿ ಕಾವನ್ನು ಹದಗೊಳಿಸಿ ಎಲ್ಲ ಕಡೆಯಿಂದ ಹಂಚುತ್ತದೆ. ಯಾವ ಹೊತ್ತಿಗೆ ಹೂಳಬೇಕು, ಯಾವ ಹೊತ್ತಿಗೆ ತೆಗೆಯಬೇಕು ಎಂದು ಅಕ್ಷರ ಬಾರದ ಮುದುಕಿಯೂ ತಪ್ಪದೆ ಹೇಳುತ್ತಿದ್ದಳು. ಆಕೆಯ ಬಳಿ ಗಡಿಯಾರವಿರಲಿಲ್ಲ, ಉಷ್ಣಮಾಪಕವಿರಲಿಲ್ಲ. ಅಂಗೈಯನ್ನು ಒಲೆಯ ಬಾಯಿಗೆ ಹಿಡಿದರೆ ಸಾಕಿತ್ತು.

ಉಬ್ಬಿದ ಗೋಧಿ ರೊಟ್ಟಿ ಭಾರತದ ಪಶ್ಚಿಮ ಕರಾವಳಿಗೆ ಬಂದದ್ದು ಪೋರ್ಚುಗೀಸರೊಡನೆ. ಗೋವೆಯಲ್ಲಿ ಹಿಟ್ಟನ್ನು ಹುಳಿಯಿಸಲು ಅವರು ಹಿಡಿದದ್ದು ಅಲ್ಲಿಯ ಕಳ್ಳನ್ನು. ನಮ್ಮ ಪ್ರಸ್ಥಭೂಮಿಗೆ ಈ ರೊಟ್ಟಿ ಬಂದ ದಾರಿ ಬೇರೆ. ಅದು ಸೈನ್ಯದ ದಾರಿ. ೧೭೯೧ರಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದ ಕಾರ್ನ್‌ವಾಲಿಸನ ಪಡೆ ಅದೇ ವರ್ಷ ದೇವನಹಳ್ಳಿಯ ಕೋಟೆಯನ್ನೂ ವಶಮಾಡಿಕೊಂಡಿತು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಬೀಡುಬಿಟ್ಟಿದ್ದ ಇಂಗ್ಲಿಷ್ ದಂಡು ೧೮೦೯ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿತು. ದಂಡಿನ ಜೊತೆಗೆ ದಂಡಿನ ರೊಟ್ಟಿಯೂ ಬಂತು. ದಂಡಿನ ಕಡೆಗೆ ಹಾಲು, ತರಕಾರಿ, ಸೌದೆ ಹೊತ್ತ ನಮ್ಮ ಹಳ್ಳಿಗಳ ಜನ 'ಡಬಲ್ ರೊಟ್ಟಿ'ಯ ವಾಸನೆಯನ್ನು ಮೊದಲು ಹಿಡಿದದ್ದು ಆ ಬೀದಿಗಳಲ್ಲೇ ಎಂದು ಊಹಿಸಬಹುದು.

ಆ ಕಾಲದಲ್ಲಿ ರೊಟ್ಟಿ ಉಬ್ಬಿಸುವುದು ಇಂಗ್ಲಿಷರಿಗೂ ಸುಲಭವಾಗಿರಲಿಲ್ಲ. ಯೀಸ್ಟ್ ಎಂಬುದು ಜೀವವುಳ್ಳ ವಸ್ತು, ಹುಳಿಯುವುದು ಅದರ ಜೀವನವ್ಯಾಪಾರ ಎಂದು ಫ್ರಾನ್ಸಿನ ಲೂಯಿ ಪಾಶ್ಚರ್ ನಿರೂಪಿಸತೊಡಗಿದ್ದು ೧೮೫೭ರಲ್ಲಿ. ಅದಕ್ಕೆ ಮೊದಲೇ, ೧೮೪೩ರಲ್ಲಿ, ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ ಎಂಬಾತನು ಯೀಸ್ಟ್ ಒಗ್ಗದ ತನ್ನ ಹೆಂಡತಿಗಾಗಿ ಬೇಕಿಂಗ್ ಪೌಡರನ್ನು ಕಂಡುಹಿಡಿದಿದ್ದನು. ಅದು ಹಡಗು ಹತ್ತಿ ಮದರಾಸಿಗೆ ಬಂತು. 'ವೈವರ್ನ್' ಎಂಬ ಹೆಸರಿನಿಂದ ಬರೆಯುತ್ತಿದ್ದ ಕೆನ್ನಿ ಹರ್ಬರ್ಟ್ ಎಂಬ ಸೈನ್ಯಾಧಿಕಾರಿ ೧೮೭೮ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದ ಪಾಕಪುಸ್ತಕದಲ್ಲಿ, ಪೇಟೆಯ ರೊಟ್ಟಿಯನ್ನು ನಂಬದೆ ಬೇಕಿಂಗ್ ಪೌಡರಿನಿಂದ ಮನೆಯಲ್ಲೇ ರೊಟ್ಟಿ ಮಾಡಿಕೊಳ್ಳಿರೆಂದು ಉಪದೇಶಿಸಿದನು. ಮನೆಯ ಓವನ್ನಿನ ಚಿಂತೆ ದಕ್ಷಿಣ ಭಾರತದಲ್ಲಿ ಅಷ್ಟು ಹಳೆಯದು.

ದಂಡಿನ ಆಚೆ, ಪೇಟೆಯ ಕನ್ನಡಿಗರ ನಾಲಿಗೆಗೆ ಈ ವಿದ್ಯೆಯನ್ನು ಒಗ್ಗಿಸಿದವರು ಹಾಸನದ ಕಡೆಯ ಅಯ್ಯಂಗಾರರು. ಎಚ್. ಎಸ್. ತಿರುಮಲಾಚಾರ್ ಎಂಬವರು ಸಹೋದರರೊಡನೆ ೧೮೯೮ರಲ್ಲಿ ಚಿಕ್ಕಪೇಟೆಯಲ್ಲಿ 'ಬೆಂಗಳೂರು ಬ್ರದರ್ಸ್ ಬೇಕರಿ'ಯನ್ನು ಆರಂಭಿಸಿದರೆಂದೂ, ಮೊದಲು ಸಿಹಿತಿಂಡಿಯ ಅಂಗಡಿ ನಡೆಸುತ್ತಿದ್ದ ಅವರಿಗೆ ಗಿರಾಕಿಯಾಗಿ ಬರುತ್ತಿದ್ದ ಒಬ್ಬ ಇಂಗ್ಲಿಷ್ ಗೃಹಸ್ಥನು ಭಟ್ಟಿಯ ಕೆಲಸವನ್ನು ಕಲಿಸಿದನೆಂದೂ ಆ ಮನೆತನದ ಪರಂಪರೆಯಲ್ಲಿ ಹೇಳುತ್ತಾರೆ. ದಂಡಿನ ಪ್ರದೇಶದಲ್ಲಿ ಮುಸಲ್ಮಾನರ ಬೇಕರಿಗಳೂ ಬೆಳೆದವು. ಫ್ರೇಜರ್ ಟೌನಿನ ಆಲ್ಬರ್ಟ್ ಬೇಕರಿ ೧೯೦೨ರದು. ವಿಶ್ವೇಶ್ವರಪುರದ ವಿ. ಬಿ. ಬೇಕರಿ ೧೯೫೩ರಲ್ಲಿ ಬಂತು. ಮೊಟ್ಟೆ ಬಳಸದ ಕೇಕು, ಖಾರದ ಬನ್ನು, ದಿಲ್ ಪಸಂದ್, ಕೊಬ್ಬರಿ ಬಿಸ್ಕತ್ತು ಇವೆಲ್ಲ ಪರದೇಶದ ಗೂಡಿನಲ್ಲಿ ನಮ್ಮ ರುಚಿ ಕಾವಿಗೆ ಕುಳಿತು ಹೊರಬಂದ ಮರಿಗಳು. ಇಂದು ನೆಲಮಂಗಲದ ಬಸ್ ನಿಲ್ದಾಣದಿಂದ ಹಿಡಿದು ಸಣ್ಣ ಹೋಬಳಿ ಊರಿನವರೆಗೆ 'ಅಯ್ಯಂಗಾರ್ ಬೇಕರಿ' ಎಂಬ ಹಲಗೆಯಿಲ್ಲದ ಪೇಟೆ ಅಪರೂಪ.

ಹಳೆಯ ಸೌದೆ ಭಟ್ಟಿಯ ಕೆಲಸವನ್ನು ಒಮ್ಮೆ ಗಮನವಿಟ್ಟು ನೋಡಿದವರಿಗೆ ಮನೆಯ ಓವನ್ನಿನ ಮರ್ಮ ಅರ್ಧ ತಿಳಿದಂತೆಯೇ. ಇಟ್ಟಿಗೆ, ಮಣ್ಣು, ಸುಣ್ಣಗಳಿಂದ ಕಟ್ಟಿದ ದಪ್ಪ ಗೋಡೆ. ಮೇಲೆ ತಗ್ಗಾದ ಕಮಾನು. ಮುಂದೆ ಒಂದೇ ಸಣ್ಣ ಬಾಯಿ. ಸೌದೆಯನ್ನು ಒಳಗೇ ಗಂಟೆಗಟ್ಟಲೆ ಉರಿಸುತ್ತಾರೆ. ಆ ಉರಿಯಲ್ಲಿ ಬನ್ನು ಬೇಯುವುದಿಲ್ಲ. ಬೇಯುವುದು ಇಟ್ಟಿಗೆ ಮಾತ್ರ. ಗೋಡೆ ನೆಲಗಳೆಲ್ಲ ಕಾವು ಕುಡಿದ ಮೇಲೆ ಕೆಂಡವನ್ನು ಬದಿಗೆ ಸರಿಸಿ, ಅಥವಾ ಹೊರಕ್ಕೆಳೆದು, ಒದ್ದೆ ಗೋಣಿಯಿಂದ ನೆಲವನ್ನು ಒರೆಸುತ್ತಾರೆ. ಒಂದು ಚಿಟಿಕೆ ಹಿಟ್ಟನ್ನು ಒಳಗೆ ಎರಚುತ್ತಾರೆ. ಹಿಟ್ಟು ತಟ್ಟನೆ ಕರಿದಾದರೆ ಇನ್ನೂ ಕಾಯಬೇಕು. ಮೆಲ್ಲಗೆ ಕಂದು ಬಣ್ಣಕ್ಕೆ ತಿರುಗಿದರೆ ಹದ. ಆಮೇಲೆ ಉದ್ದ ಹಿಡಿಯ ಮರದ ಹಲಗೆಯಿಂದ ತಟ್ಟೆಗಳನ್ನು ಒಳಗೆ ತಳ್ಳಿ ಬಾಯಿ ಮುಚ್ಚುತ್ತಾರೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಭಟ್ಟಿಯ ಕಾವು ಹೊತ್ತು ಕಳೆದಂತೆ ಇಳಿಯುತ್ತ ಹೋಗುತ್ತದೆ. ಭಟ್ಟಿಯವನು ಅದನ್ನು ತಡೆಯಲು ಹೋಗುವುದಿಲ್ಲ. ಇಳಿಯುವ ಕಾವಿಗೆ ತಕ್ಕಂತೆ ಪದಾರ್ಥಗಳನ್ನು ಸರದಿಯಲ್ಲಿ ನಿಲ್ಲಿಸುತ್ತಾನೆ. ಏರಿದ ಕಾವಿನಲ್ಲಿ ಬ್ರೆಡ್ಡು, ಬನ್ನು. ಸ್ವಲ್ಪ ತಗ್ಗಿದಾಗ ಬಿಸ್ಕತ್ತು, ಕೇಕು. ರಾತ್ರಿ ಉಳಿದ ಕಾವಿನಲ್ಲಿ ರಸ್ಕು. 'ಬಿಸ್ಕತ್ತು' ಎಂಬ ಮಾತಿನ ಲ್ಯಾಟಿನ್ ಮೂಲಕ್ಕೆ 'ಎರಡು ಸಲ ಬೇಯಿಸಿದ್ದು' ಎಂದೇ ಅರ್ಥ. ಇಂದು ಆ ಅರ್ಥಕ್ಕೆ ನಿಜವಾಗಿ ಹೊಂದುವುದು ರಸ್ಕು. ಒಂದು ಹೊರೆ ಸೌದೆಯ ಕಾವನ್ನು ಕೊನೆಯ ಗುಟುಕಿನವರೆಗೆ ಬಳಸುವ ಈ ಕ್ರಮ ಯಾವ ಪುಸ್ತಕದಲ್ಲೂ ಕಲಿತದ್ದಲ್ಲ. ಊರು ಮಲಗಿರುವಾಗ ಎದ್ದು ಕಮಾನಿನ ಮುಂದೆ ಬೆವರು ಸುರಿಸಿದ ಹುಡುಗರು ನೋಡಿ ನೋಡಿ ಕಲಿತದ್ದು. ಭಟ್ಟಿಗಳ ಜಾಗಕ್ಕೆ ಡೀಸಲ್, ವಿದ್ಯುತ್ ಓವನ್‌ಗಳು ಬರುತ್ತಿರುವ ಈ ಕಾಲದಲ್ಲಿ ಅವರ ಕಣ್ಣಳತೆಯೂ ಅವರೊಡನೆ ಮರೆಯಾಗುತ್ತಿದೆ.

ಈ ನಡುವೆ ಗೋಧಿ ಮನೆಮನೆಗೆ ಬಂದ ಬಗೆಯನ್ನೂ ಒಂದೆರಡು ಮಾತಿನಲ್ಲಿ ಹೇಳಬೇಕು. ೧೯೫೬ರ ಒಪ್ಪಂದದ ಮೇರೆಗೆ ಪಿ. ಎಲ್. ೪೮೦ ಯೋಜನೆಯ ಅಮೆರಿಕನ್ ಗೋಧಿ ಪಡಿತರ ಅಂಗಡಿಗಳಿಗೆ ಬಂತು. ರಾಗಿ ತಿನ್ನುವವರ ಮನೆಗೂ ಗೋಧಿ ಹೊಕ್ಕಿತು. ೧೯೬೫ರಲ್ಲಿ ಕೇಂದ್ರ ಸರ್ಕಾರ ಮಾಡರ್ನ್ ಬೇಕರೀಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು; ಕಾಗದ ಸುತ್ತಿದ ಬ್ರೆಡ್ಡು ಮಧ್ಯಮವರ್ಗದ ಬೆಳಗಿನ ತಿಂಡಿಯಾಯಿತು. ಸಂಸ್ಥೆ ೨೦೦೦ದಲ್ಲಿ ಖಾಸಗಿಯವರ ಕೈಸೇರಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ೧೯೬೪ರಲ್ಲಿ ಆರಂಭವಾಯಿತು; ಆ ದಶಕದ ಕೊನೆಗೆ ಅದು ಹೆಬ್ಬಾಳದಲ್ಲಿ ತೆರೆದ ಬೇಕರಿ ತರಬೇತಿ ಘಟಕದಲ್ಲಿ ಗೃಹಿಣಿಯರೂ ಯುವಕರೂ ಕಲಿತು ಹೋದರು.

ಓವನ್ ಕೊಳ್ಳಲಾರದ ಮನೆಗಳು ಅಷ್ಟರಲ್ಲಿ ತಮ್ಮದೇ ಉಪಾಯ ಹೂಡಿದ್ದವು. ಅಗಲ ಬಾಯಿಯ ದಪ್ಪ ಪಾತ್ರೆಯಲ್ಲಿ ಎರಡು ಬೆರಳು ಮರಳು ಹರಡಿ, ಚೆನ್ನಾಗಿ ಕಾಯಿಸಿ, ಅದರ ಮೇಲೆ ಕೇಕಿನ ಡಬರಿ ಇಟ್ಟು, ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಕೆಂಡ ಹಾಕುವುದು ಒಂದು. ಸೀಮೆಎಣ್ಣೆ ಸ್ಟವ್ವಿನ ಮೇಲಿಡುವ ತಗಡಿನ ಪೆಟ್ಟಿಗೆ ಇನ್ನೊಂದು. ಮುಚ್ಚಳದಲ್ಲಿ ಗಾಜಿನ ಕಿಂಡಿಯಿದ್ದ ಅಲ್ಯೂಮಿನಿಯಮ್ಮಿನ ಗುಂಡು ಓವನ್ ಮತ್ತೊಂದು. ಇವುಗಳಲ್ಲಿ ಮರಳಿನ ಉಪಾಯವೇ ತತ್ತ್ವದಲ್ಲಿ ಎಲ್ಲಕ್ಕಿಂತ ಮೇಲು. ಮರಳು ಆ ಮನೆಯ ಇಟ್ಟಿಗೆ ಭಟ್ಟಿ. ಕಾವನ್ನು ಕೂಡಿಟ್ಟು ನಿಧಾನವಾಗಿ ಬಿಡುತ್ತದೆ. ಆಮೇಲೆ ಅಡುಗೆ ಅನಿಲ ಬಂತು; ೨೦೧೬ರ ಉಜ್ಜ್ವಲಾ ಯೋಜನೆಯಿಂದ ಬಡವರ ಮನೆಗೂ ಬಂತು. ಹೊಗೆಯಿಂದ ಹೆಂಗಸರ ಕಣ್ಣು, ಎದೆ ಉಳಿದವು. ಇದು ಸಾಮಾನ್ಯ ಲಾಭವಲ್ಲ. ಮಣ್ಣಿನ ಒಲೆ ಮರಳಿ ಬರಲೆಂದು ಯಾರೂ ಹಾರೈಸಬೇಕಾಗಿಲ್ಲ. ಆದರೆ ಅನಿಲದ ಒಲೆಯಲ್ಲಿ ಉರಿಯುಂಟು, ಕೆಂಡವಿಲ್ಲ. ಕೆಳಗಿನ ಬಿಸಿಯುಂಟು, ಸುತ್ತಲಿನ ಕಾವಿಲ್ಲ. ಅದರ ಮುಂದೆ ಬೆಳೆದ ತಲೆಮಾರಿಗೆ ಅಂಗೈಯ ವಿದ್ಯೆ ಕಲಿಯುವ ಸಂದರ್ಭವೇ ಒದಗಲಿಲ್ಲ.

ಬೆಂಗಳೂರಿನ ಬೀದಿಗಳಿಗೆ ೧೯೦೫ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂತು. ಓವನ್ನಿಗೆ ತನ್ನ ಕಾವನ್ನು ತಾನೇ ಅಳೆದು ಹಿಡಿತದಲ್ಲಿಡುವ ಸಾಧನ ಕೂಡಿದ್ದು ಅದಕ್ಕಿಂತ ತಡವಾಗಿ. ಇಂಗ್ಲೆಂಡಿನಲ್ಲಿ 'ರೆಗ್ಯುಲೊ' ಎಂಬ ನಿಯಂತ್ರಕವುಳ್ಳ ಅನಿಲ ಓವನ್ ೧೯೨೩ರಲ್ಲಿ ಹೊರಟಿತು. ಅಲ್ಲಿಯವರೆಗೆ ಆ ದೇಶದ ಗೃಹಿಣಿಯೂ ಕೈ ಹಿಡಿದು ನೋಡಿ, ಬಿಳಿಯ ಕಾಗದದ ಚೂರು ಎಷ್ಟು ಬೇಗ ಕಂದುತ್ತದೆಂದು ನೋಡಿ, ಕಾವನ್ನು ಊಹಿಸುತ್ತಿದ್ದಳು. ಆಕೆ ನಮ್ಮ ಅಜ್ಜಿಯಿಂದ ಬಹಳ ದೂರದವಳೇನಲ್ಲ.

ಈ ಚರಿತ್ರೆಯನ್ನು ಮನಸ್ಸಿನಲ್ಲಿಟ್ಟು ಈಗ ಮನೆಯ ಓವನ್ನಿನ ಮುಂದೆ ನಿಲ್ಲೋಣ. ಭಟ್ಟಿಗೂ ಇದಕ್ಕೂ ಇರುವ ದೊಡ್ಡ ಅಂತರ ಗೋಡೆಯದು. ಭಟ್ಟಿಯ ಗೋಡೆ ಮೊಳ ದಪ್ಪ; ಇದರದು ತೆಳ್ಳನೆಯ ತಗಡು. ಭಟ್ಟಿ ಕಾವಿನ ಕಣಜ. ಇದು ದಿನಗೂಲಿಯವನ ಕೈಚೀಲ, ಬಂದದ್ದು ಆಗಲೇ ಖರ್ಚು. ಬಾಗಿಲು ಒಮ್ಮೆ ತೆರೆದರೆ ಒಳಗಿನ ಬಿಸಿಗಾಳಿಯೆಲ್ಲ ಹೊರಗೆ. ಆದುದರಿಂದ ಮೊದಲ ಮಾತು, ಬರಿದಾದ ಓವನ್ನನ್ನು ಸಾಕಷ್ಟು ಮುಂಚೆ ಕಾಯಿಸಬೇಕು. ದೀಪ ಆರಿದೊಡನೆ ಕಾಯಿತೆಂದು ತಿಳಿಯಬಾರದು. ಆಗ ಕಾದಿರುವುದು ಗಾಳಿ. ಗೋಡೆ, ತಟ್ಟೆಗಳೂ ಕಾಯಲು ೧೫ರಿಂದ ೨೦ ನಿಮಿಷ ಬಿಡಬೇಕು. ಬ್ರೆಡ್ಡು ಮಾಡುವವರು ಮೆರುಗಿಲ್ಲದ ದಪ್ಪ ಮಣ್ಣಿನ ಬಿಲ್ಲೆಯೊಂದನ್ನು ಕೆಳತಟ್ಟಿನಲ್ಲಿಟ್ಟು ಇನ್ನೂ ಹೆಚ್ಚು ಹೊತ್ತು ಕಾಯಿಸಿದರೆ ಭಟ್ಟಿಯ ಗುಣದ ಒಂದಂಶ ಮನೆಗೆ ಬರುತ್ತದೆ. ಪದಾರ್ಥ ಒಳಗೆ ಹೋದ ಮೇಲೆ, ಬೇಕಾದ ಕಾಲದ ಮೂರರಲ್ಲಿ ಎರಡು ಪಾಲು ಕಳೆಯುವವರೆಗೆ ಬಾಗಿಲು ತೆರೆಯಲಾಗದು. ಕೇಕಿನ ನಡುಭಾಗ ಗಟ್ಟಿಯಾಗುವ ಮೊದಲೇ ತಣ್ಣಗಿನ ಗಾಳಿ ಹೊಡೆದರೆ ಹಿಗ್ಗಿದ ಗುಳ್ಳೆಗಳು ಕುಗ್ಗಿ ಕೇಕು ಕುಸಿಯುತ್ತದೆ.

ಎರಡನೆಯದು ಅಳತೆ. ಓವನ್ನಿನ ತಿರುಗಣೆಯ ಮೇಲಿನ ಅಂಕಿಗೂ ಒಳಗಿನ ನಿಜವಾದ ಕಾವಿಗೂ ೨೦, ೨೫ ಡಿಗ್ರಿಗಳ ಅಂತರವಿರುವುದು ಅಪರೂಪವಲ್ಲ. ಒಳಗಿಡುವ ಸಣ್ಣ ಉಷ್ಣಮಾಪಕವೊಂದು ಈ ಗುಟ್ಟನ್ನು ಹೊರಗೆಡಹುತ್ತದೆ. ಇದನ್ನು ಅತಿಯೆಂದು ಬಗೆಯಬೇಕಾಗಿಲ್ಲ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಸುತ್ತ ರೇಷ್ಮೆ ಸಾಕುವ ರೈತರು ಹುಳುಮನೆಯಲ್ಲಿ ಉಷ್ಣಮಾಪಕ ತೂಗುಹಾಕಿ ಕಾವನ್ನು ಕಾಯುತ್ತಾರೆ. ಹುಳುವಿಗೆ ಸಲ್ಲುವ ಎಚ್ಚರ ಕೇಕಿಗೂ ಸಲ್ಲಲಿ. ಸಾಮಾನ್ಯವಾಗಿ ಬ್ರೆಡ್ಡಿಗೆ ೨೦೦ರಿಂದ ೨೨೦, ಬಿಸ್ಕತ್ತು ಕೇಕುಗಳಿಗೆ ೧೬೦ರಿಂದ ೧೮೦, ರಸ್ಕು ಒಣಗಿಸಲು ೧೦೦ರಿಂದ ೧೨೦ ಸೆಂಟಿಗ್ರೇಡ್ ಸಾಕು. ಭಟ್ಟಿಯವನ ಇಳಿಗಾವಿನ ಸರದಿ ಈ ಅಂಕಿಗಳಲ್ಲಿ ಹಾಗೆಯೇ ಕಾಣುತ್ತದೆ.

ಮೂರನೆಯದು ನಮ್ಮ ಊರುಗಳಿಗೆ ವಿಶೇಷವಾದದ್ದು, ವಿದ್ಯುತ್ತಿನ ಒತ್ತಡ. ಓವನ್ ೨೩೦ ವೋಲ್ಟಿಗೆ ತಯಾರಾದದ್ದು. ಸಂಜೆ ಮನೆಮನೆಯಲ್ಲಿ ದೀಪ ಹತ್ತಿ, ತೋಟಗಳಲ್ಲಿ ಪಂಪು ತಿರುಗಿ, ಒತ್ತಡ ೨೦೦ಕ್ಕೆ ಇಳಿಯಿತೆನ್ನಿ. ಇಳಿದದ್ದು ಎಂಟರಲ್ಲಿ ಒಂದು ಪಾಲಿನಷ್ಟೇ ಆದರೂ, ಬಿಸಿಯಾಗುವ ಶಕ್ತಿ ಒತ್ತಡದ ವರ್ಗವನ್ನು ಅನುಸರಿಸುವುದರಿಂದ, ಓವನ್ನಿಗೆ ಸಿಕ್ಕುವುದು ಮುಕ್ಕಾಲು ಪಾಲು ಬಲ ಮಾತ್ರ. ಅದು ಕಾಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಬಾಗಿಲು ತೆರೆದಾಗ ಕಳೆದುಕೊಂಡ ಕಾವನ್ನು ಬೇಗ ತುಂಬಿಕೊಳ್ಳಲಾರದು. ಬೆಂಗಳೂರಿನ ತಂಗಿಯ ಮನೆಯಲ್ಲಿ ಚೆನ್ನಾಗಿ ಬಂದ ಕೇಕು ಹಳ್ಳಿಯ ಅಕ್ಕನ ಮನೆಯಲ್ಲಿ ಹಸಿಯಾದರೆ ಅಕ್ಕನ ಕೈಗುಣವನ್ನು ಹಳಿಯುವ ಮೊದಲು ಇದನ್ನು ನೆನೆಯಬೇಕು. ಬೆಳಗಿನ ಅಥವಾ ಮಧ್ಯಾಹ್ನದ ಹೊತ್ತನ್ನು ಆರಿಸಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ.

ನಾಲ್ಕನೆಯದು ನೆಲದ ಎತ್ತರ ಮತ್ತು ಹವೆ. ನಮ್ಮ ಪ್ರದೇಶ ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಮೇಲಿದೆ. ಇಲ್ಲಿ ನೀರು ಕುದಿಯುವುದು ಸುಮಾರು ೯೭ ಡಿಗ್ರಿಯಲ್ಲಿ. ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಗುಳ್ಳೆ ಕೊಂಚ ಹೆಚ್ಚು ಹಿಗ್ಗುತ್ತದೆ. ಕಡಲತಡಿಯ ಊರಿನ ಅಳತೆಯಲ್ಲಿ ಸೋಡಾ, ಬೇಕಿಂಗ್ ಪೌಡರ್ ಹಾಕಿದರೆ ಹಗುರವಾದ ಕೇಕು ಅತಿಯಾಗಿ ಉಬ್ಬಿ ಕುಸಿಯಬಹುದು. ಒಂದು ಚಿಟಿಕೆ ಕಡಿಮೆ ಮಾಡಿದರೆ ನಷ್ಟವಿಲ್ಲ. ಸೋಡಾ ಹೆಚ್ಚಾದರೆ ಸಾಬೂನಿನ ರುಚಿ ಬೇರೆ. ಯೀಸ್ಟಾದರೋ ಜೀವಿ, ೨೫ರಿಂದ ೩೫ ಡಿಗ್ರಿಯ ಬೆಚ್ಚಗಿನ ಜಾಗದಲ್ಲಿ ಚುರುಕು, ೬೦ರ ಹತ್ತಿರ ಸಾವು. ಧನುರ್ಮಾಸದ ಬೆಳಗಿನಲ್ಲಿ ಇಡ್ಲಿ ಹಿಟ್ಟು ಹುಳಿಯಲು ತಡಮಾಡುವುದನ್ನು ಬಲ್ಲ ಗೃಹಿಣಿಗೆ ಬ್ರೆಡ್ಡಿನ ಕಣಕವೂ ಹಾಗೆಯೇ ಎಂದರೆ ಸಾಕು. ಗಡಿಯಾರಕ್ಕಿಂತ ಕಣಕದ ಗಾತ್ರವನ್ನು ನಂಬಬೇಕು; ಎರಡರಷ್ಟಾದಾಗ ಹದ.

ಇನ್ನುಳಿದವು ಸಣ್ಣ ಮಾತುಗಳು. ಸಣ್ಣ ಓವನ್ನಿನಲ್ಲಿ ಮೇಲಿನ ಸರಳು ಪದಾರ್ಥಕ್ಕೆ ತೀರ ಹತ್ತಿರ. ತಟ್ಟೆಯನ್ನು ನಡುವೆ ಇಟ್ಟು, ಬಣ್ಣ ಬಂದ ಮೇಲೆ ಹಾಳೆ ಮುಚ್ಚಬೇಕು. ಕಪ್ಪು ತಟ್ಟೆ ಕಾವನ್ನು ಬೇಗ ಹೀರುತ್ತದೆ. ಹೊಳೆಯುವ ತಟ್ಟೆ ನಿಧಾನ. ಬಟ್ಟಲಿನ ಅಳತೆಗಿಂತ ತಕ್ಕಡಿಯ ಅಳತೆ ನಂಬಿಕೆಯದು. ಗಿರಣಿಯಲ್ಲಿ ಬೀಸಿದ ಗೋಧಿ ಹಿಟ್ಟು ಮೈದಾಕ್ಕಿಂತ ಹೆಚ್ಚು ನೀರು ಕುಡಿಯುತ್ತದೆ. ಮೇಲಿನ ಬಂಗಾರದ ಬಣ್ಣ, ಆ ಪರಿಮಳ, ೧೯೧೨ರಲ್ಲಿ ಫ್ರಾನ್ಸಿನ ಮಯ್ಯಾರ್ ಎಂಬ ವಿಜ್ಞಾನಿ ವಿವರಿಸಿದ ರಾಸಾಯನಿಕ ಕ್ರಿಯೆಯ ಫಲ. ಹೊರಮೈ ಒಣಗಿ ೧೪೦ ಡಿಗ್ರಿ ದಾಟಿದಾಗಲೇ ಅದು ಚುರುಕಾಗುವುದು. ಅಷ್ಟು ಹೊತ್ತಿಗೆ ಒಳಗಿನ್ನೂ ನೀರಿನ ಕುದಿಬಿಂದುವನ್ನು ದಾಟಿರುವುದಿಲ್ಲ. ಬಣ್ಣ ಬಂದದ್ದರಿಂದಲೇ ಬೆಂದಿತೆನ್ನಲಾಗದು. ಕಡ್ಡಿ ಚುಚ್ಚಿ ನೋಡುವ ಪದ್ಧತಿ ಅದಕ್ಕಾಗಿಯೇ.

ಕೊನೆಯದಾಗಿ ನಮ್ಮ ರಾಗಿಯ ಮಾತು. ೨೦೨೩ನೆಯ ವರ್ಷವನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು; ರಾಗಿ ಬಿಸ್ಕತ್ತು ದೊಡ್ಡ ಅಂಗಡಿಗಳ ಕಪಾಟು ಹತ್ತಿತು. ಬ್ರೆಡ್ಡಿನಂತೆ ಎತ್ತರಕ್ಕೆ ಉಬ್ಬುವುದು ರಾಗಿಯ ಸ್ವಭಾವವಲ್ಲ. ಗೋಧಿಯೊಡನೆ ನಾಲ್ಕರಲ್ಲಿ ಒಂದು ಪಾಲು ಬೆರೆಸಿದರೆ ಒಪ್ಪುತ್ತದೆ. ಆದರೆ ಅಂಟು ಬೇಡದ ಬಿಸ್ಕತ್ತಿಗೆ, ಬೆಲ್ಲ ಮೊಸರು ಕೂಡಿದ ಕೇಕಿಗೆ ಅದು ಬಹಳ ಸೊಗಸು. ಹೊಸಕೋಟೆಯ ಹೊಲದ ರಾಗಿ ಹೊಸಕೋಟೆಯ ಮನೆಯ ಓವನ್ನಿನಲ್ಲಿ ಬೆಂದರೆ, ದಂಡಿನ ದಾರಿಯಲ್ಲಿ ಬಂದ ವಿದ್ಯೆ ನಮ್ಮ ನೆಲದ್ದಾಯಿತೆಂದು ಧೈರ್ಯವಾಗಿ ಹೇಳಬಹುದು.

ಮಂಗರಸನು ಐದುನೂರು ವರ್ಷಗಳ ಹಿಂದಿನ ರೊಟ್ಟಿಯ ಹೆಸರನ್ನು ನಮಗಾಗಿ ಉಳಿಸಿದನು. ಅದನ್ನು ಸುಟ್ಟ ಕೈ ಯಾವುದು, ಕೆಂಡ ಎಷ್ಟು, ಹೊತ್ತು ಎಷ್ಟು, ಅದು ಉಳಿಯಲಿಲ್ಲ. ಮನೆಯಲ್ಲಿ ಅಜ್ಜಿಯಿದ್ದರೆ ಒಂದು ಮಧ್ಯಾಹ್ನ ಅವರ ಪಕ್ಕದಲ್ಲಿ ಕುಳಿತು ಕೆಂಡದ ಅಡುಗೆಯ ಹದವನ್ನು ಕೇಳಿ ಬರೆದುಕೊಳ್ಳಬೇಕು. ಅಡುಗೆಯ ಪುಸ್ತಕದಲ್ಲಿ ಪ್ರತಿಯೊಂದು ತಿನಿಸಿನ ಮುಂದೆ ಸಾಮಾನಿನ ಪಟ್ಟಿಯ ಜೊತೆಗೆ ಕಾವು, ನಿಮಿಷ, ತಟ್ಟೆಯ ಜಾಗ, ಆ ದಿನದ ಹವೆ, ಫಲ ಹೇಗೆ ಬಂತು, ಈ ಐದನ್ನು ಗುರುತು ಹಾಕಿಕೊಂಡರೆ ನಾಲ್ಕನೆಯ ಸಲಕ್ಕೆ ಓವನ್ ನಮ್ಮ ಮಾತು ಕೇಳುತ್ತದೆ. ಮೊಮ್ಮಕ್ಕಳ ಕಾಲಕ್ಕೆ ಆ ಪುಸ್ತಕವೇ ಒಂದು ಸೂಪಶಾಸ್ತ್ರವಾಗುತ್ತದೆ. ಕನ್ನಡದಲ್ಲಿ ಬಿಸಿಯಾಗುವುದಕ್ಕೂ 'ಕಾಯು', ತಾಳ್ಮೆಯಿಂದ ಎದುರುನೋಡುವುದಕ್ಕೂ 'ಕಾಯು', ಎಚ್ಚರದಿಂದ ರಕ್ಷಿಸುವುದಕ್ಕೂ 'ಕಾಯು'. ಮೂಲದಲ್ಲಿ ಧಾತುಗಳು ಬೇರೆಯಿದ್ದರೂ ಬಾಯಿಗೆ ಬರುವ ಮಾತು ಒಂದೇ. ಓವನ್ನಿನ ಮುಂದೆ ನಿಂತವರಿಗೆ ಈ ಮೂರೂ ಬೇಕು.